ಸುಣ್ಣಕಲ್ಲಿನ ಕೆಳಗಿನ ಹೆಜ್ಜೆ

ಮೈಥಿಲಿಯಮ್ಮನ ಗಂಡ ಗೋಪಾಲಕೃಷ್ಣ ಒಂದು ಭಾನುವಾರ ಬೆಳಿಗ್ಗೆ, ತಿಂಡಿಗೆ ಮೊದಲು ಒಂದು ಸುತ್ತು ಹಾಕಿ ಬರುತ್ತೇನೆಂದು ಹೋದವರು ಇವತ್ತಿನವರೆಗೂ ಮನೆಗೆ ಬಂದಿಲ್ಲ. ಪೊಲೀಸರು ಹುಡುಕಿದರು, ಹೆಲಿಕಾಪ್ಟರ್ ಹಾರಿತು, ಗುಹೆ ಬಲ್ಲವರು ಹಗ್ಗ ಕಟ್ಟಿಕೊಂಡು ಇಳಿದರು. ಒಂದು ಟೋಪಿ ಕೂಡ ಸಿಗಲಿಲ್ಲ.

ಆ ಸುತ್ತುದಾರಿ ನಮ್ಮ ಸಣ್ಣ ಊರಿನದೇ, ಅಡಿಲೇಡ್‌ನಿಂದ ಅರ್ಧ ದಿನದ ಕಾರಿನ ದಾರಿ. ನಾನು ಬಳ್ಳಿ ಕತ್ತರಿಸುವ ದ್ರಾಕ್ಷಿತೋಟದ ಗೇಟಿನಿಂದ ಹೊರಟು, ಪೈನ್ ಕಾಡು ಹೊಕ್ಕು, ಸುಣ್ಣಕಲ್ಲಿನ ಬಯಲು ಹತ್ತಿ, ಆ ಕಡೆಯಿಂದ ತೋಟಗಳ ನಡುವೆ ಇಳಿದು ಮತ್ತೆ ಅದೇ ಗೇಟಿಗೆ ಸೇರುತ್ತದೆ. ಬಯಲಿನ ನಡುವೆ ಬಂಡೆ ಬಿರುಕು ಬಿಟ್ಟಿದೆ. ಒಂದು ದೊಡ್ಡ ಹೆಜ್ಜೆ ಹಾಕಿದರೆ ದಾಟಬಹುದು. ಅದರೊಳಗಿನಿಂದ ಗಾಳಿ ಒಮ್ಮೆ ಹೊರಕ್ಕೆ ಬರುತ್ತದೆ, ಒಮ್ಮೆ ಒಳಕ್ಕೆ ಹೋಗುತ್ತದೆ, ಮಲಗಿದವರ ಉಸಿರಿನ ಹಾಗೆ. ಕೆಳಗೆ ಗುಹೆ ದೊಡ್ಡದಿದ್ದರೆ ಹಾಗಾಗುತ್ತದೆಂದು ಗೋಪಾಲಕೃಷ್ಣರೇ ನನಗೆ ಹೇಳಿದ್ದರು. ಅವರು ಭೂವಿಜ್ಞಾನಿ.

ನಂಜನಗೂಡಿನ ಮೈಥಿಲಿಯಮ್ಮ ಮದುವೆಯಾಗಿ ಬಂದದ್ದು ಪರ್ತ್‌ನ ಸದರ್ನ್ ರಿವರ್ ಬಡಾವಣೆಗೆ. ಗಂಡ ವಿಮಾನ ಹತ್ತಿ ಗಣಿಗೆ ಹೋದರೆ ವಾರಗಟ್ಟಲೆ ಅಲ್ಲೇ. ಹೀಗೆ ಅವರ ಅರ್ಧ ಸಂಸಾರ ಕಾಯುವುದರಲ್ಲೇ ಕಳೆಯಿತು. ಗಣಿಯಲ್ಲಿ ಬಿದ್ದು ಯಜಮಾನರಿಗೆ ಎಡಗಾಲು ಎಳೆಯುವಂತಾಯಿತು. ಟಪ್, ಸರ್ರ್. ಟಪ್, ಸರ್ರ್.

"ಟ್ಯಾಕ್ಸಿ ಸದ್ದಿಗೆ ನಾನು ಏಳ್ತಾನೇ ಇರಲಿಲ್ಲ ಕಣೋ ರಮಾಕಾಂತ. ಆ ಕಾಲೆಳೆಯೋ ಸದ್ದು ಕೇಳಿದ ಮೇಲೇನೇ ಸಾರಿಗೆ ಒಗ್ಗರಣೆ" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಗುಹೆಗಳ ಹುಚ್ಚಿಗೆ ಯಜಮಾನರು ಇಲ್ಲಿ ಮನೆ ಹಿಡಿದರು. ತೋಟದಲ್ಲಿ ನಾವು ಕಿತ್ತು ಬಿಸಾಡುವ ಹುಳಿ ಕಾಯಿದ್ರಾಕ್ಷಿಯನ್ನು ಮೈಥಿಲಿಯಮ್ಮ ಜಾಕೆಟ್ ಜೇಬಿಗೆ ತುಂಬಿಕೊಂಡು ಹೋಗಿ ಗೊಜ್ಜು ಮಾಡುತ್ತಿದ್ದರು. ವೈನ್ ಮಾಡುವ ನಮ್ಮ ಧಣಿ ಅದನ್ನು ಬ್ರೆಡ್ಡಿಗೆ ಸವರಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಬಾಟಲಿ ಕೇಳಿದ್ದ.

ಗಂಡ ಕಾಣೆಯಾದ ಮೇಲೆ ಪ್ರತಿ ಭಾನುವಾರ ಅದೇ ದಾರಿಯಲ್ಲಿ ನಡೆಯತೊಡಗಿದರು. ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ. ಮೊದಲ ದಿನ ಬಿರುಕಿನವರೆಗೆ ಬಂದವರು ಗಕ್ಕನೆ ಹಿಂದೆ ತಿರುಗಿದರು.

"ದಾಟೀಮ್ಮಾ! ಬಂದ ದಾರೀಲೇ ವಾಪಸ್ ಹೋಗೋಕೆ ನಮಗೇನು ಹುಚ್ಚಾ?" ಎಂದು ರೇಗಿದೆ.

"ಶಿವನ ಸುತ್ತು ಬರುವಾಗ ಸೋಮಸೂತ್ರ ದಾಟ್ತೀಯೇನೋ?"

ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಬೀಳುವ ತೂಬು ಅದು. ಯಾರೂ ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ ಹಿಂತಿರುಗಿ, ಇನ್ನೊಂದು ಕಡೆಯಿಂದ ಮತ್ತೆ ಅಲ್ಲಿಗೇ ಬರುತ್ತಾರೆ.

"ಇದೇನು ಗುಡೀನಾ?"

"ಶ್! ಕಾಲು ಎತ್ತಬೇಡ. ಕೇಳು."

ಪೈನ್ ಕಾಡಿನಲ್ಲಿ ಉದುರಿದ ಎಲೆ ಹೆಜ್ಜೆಯ ಸದ್ದನ್ನೆಲ್ಲ ನುಂಗುತ್ತದೆ. ಬಯಲಿನಲ್ಲಿ ಹಾಗಲ್ಲ, ನೆಲ ಪೊಳ್ಳು, ಕೊಡ ಬಡಿದ ಹಾಗೆ ಕೇಳುತ್ತದೆ. ನಾನು ನಿಂತಿದ್ದೆ. ಅವರೂ ನಿಂತಿದ್ದರು. ನಮ್ಮ ಕಾಲ ಕೆಳಗೆ, ಕಲ್ಲಿನ ಅಡಿಯಿಂದ, ಟಪ್, ಸರ್ರ್. ಟಪ್, ಸರ್ರ್. ಬಿರುಕಿನ ಹತ್ತಿರ ಬಂದು ನಿಂತಿತು.

"ಇಲ್ಲೀವರೆಗೂ ಬರ್ತಾರೆ. ದಾಟೋಕೆ ಆಗ್ತಿಲ್ಲ ಅವರಿಗೆ. ನಾನು ದಾಟಿ ಹೋದ್ರೆ ಒಬ್ಬರೇ ಆಗ್ತಾರೆ" ಎಂದರು ಮೈಥಿಲಿಯಮ್ಮ, ಬಸ್ಸು ತಡ ಎಂದಷ್ಟೇ ಸಲೀಸಾಗಿ.

ಈ ಚಳಿಗಾಲದಲ್ಲಿ ಅವರ ಕಣ್ಣು ಮಂಜಾಯಿತು. ಒಲೆಯ ಮೇಲೆ ಕೈಯಿಟ್ಟು ಸುಟ್ಟುಕೊಂಡರು. ಇನ್ನು ಒಬ್ಬರೇ ಇರುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮಗ ಸಂದೀಪ ಬ್ರಿಸ್ಬೇನ್‌ನಿಂದ ಕರೆದೊಯ್ಯಲು ಬಂದ. ಇವರದು ಒಂದೇ ಮಾತು: "ಅವರನ್ನ ಬಿಟ್ಟು ಬರಲ್ಲ."

ಭಾನುವಾರ ಮೂವರೂ ಬಯಲಿಗೆ ಹೋದೆವು. ದಟ್ಟ ಮಂಜು. ಕೆಳಗಿನ ಹೆಜ್ಜೆ ಬಂತು, ಬಿರುಕಿನ ಬಳಿ ನಿಂತಿತು.

"ಇಟ್ಸ್ ಜಸ್ಟ್ ಆನ್ ಎಕೋ, ಅಂಕಲ್" ಎಂದ ಸಂದೀಪ.

"ಎಕೋ ಕುಂಟುತ್ತೇನೋ, ಬೃಹಸ್ಪತಿ?" ಎಂದೆ.

"ಫೈನ್. ವಾಚ್ ಮಿ" ಎಂದವನೇ ಬಿರುಕು ದಾಟಿ ಆ ಕಡೆ ದಾಪುಗಾಲು ಹಾಕಿದ. ಟಪ್, ಟಪ್, ಟಪ್. ಅವನ ಕಾಲು ಎರಡೂ ನೆಟ್ಟಗಿವೆ. ಅವನ ಕೆಳಗೆ, ಅವನ ಹಿಂದೆಯೇ, ಟಪ್, ಸರ್ರ್. ದಾಟಿತು. ಅವನು ನಿಂತ. ಕೆಳಗಿನದು ಇನ್ನೊಂದು ಹೆಜ್ಜೆ ಹಾಕಿ, ಸರಿಯಾಗಿ ಅವನ ಅಂಗಾಲಿನಡಿ ಬಂದು ನಿಂತಿತು.

ಹುಟ್ಟಿದಾಗಿನಿಂದ ಡ್ಯಾಡ್ ಎನ್ನುತ್ತಿದ್ದವನು ಮಂಜಿನೊಳಗಿಂದ ಸಣ್ಣ ದನಿಯಲ್ಲಿ "ಅಪ್ಪಾ?" ಎಂದ.

ಮೈಥಿಲಿಯಮ್ಮ ಅಳಲಿಲ್ಲ. ನನ್ನ ಭುಜ ಹಿಡಿದು ಬಿರುಕು ದಾಟಿದರು. "ಬಂದ್ರಲ್ಲ, ಸರಿ. ನಡೀರಿ, ಬ್ಯಾಗ್ ಕಟ್ಟಬೇಕು. ಕರಿಬೇವಿನ ಕುಂಡ ನಿನಗೆ, ರಮಾಕಾಂತ. ನೀರು ಹೆಚ್ಚು ಹಾಕಬೇಡ."

ಮುಂದಿನ ಭಾನುವಾರ ಒಬ್ಬನೇ ಹೋದೆ. ಬಯಲಿನಲ್ಲಿ ಕಾಲು ಅಪ್ಪಳಿಸಿದೆ, ಹೆಸರು ಹಿಡಿದು ಕೂಗಿದೆ. ನನ್ನ ಸದ್ದೇ ಹೊರತು ಬೇರೇನಿಲ್ಲ. ಬಿರುಕಿಗೆ ಕೈಯೊಡ್ಡಿದೆ. ಗಾಳಿಯೂ ಇರಲಿಲ್ಲ.

ಮನೆಗೆ ಬಂದು ಫೋನ್ ಮಾಡಿದೆ. ಸಂದೀಪನದು ಬ್ರಿಸ್ಬೇನ್‌ನ ಇಂಡೂರೂಪಿಲ್ಲಿ ಬಡಾವಣೆಯ ಹಳೆಯ ಮರದ ಮನೆ. ಅಲ್ಲಿನ ಪದ್ಧತಿಯಂತೆ ಎತ್ತರದ ಕಂಬಗಳ ಮೇಲೆ ನಿಂತಿದೆ, ನೆಲಹಲಗೆಯ ಕೆಳಗೆಲ್ಲ ಖಾಲಿ.

"ತಾಳು, ಸಂದೀಪ ಕಾಫಿ ತರ್ತಿದಾನೆ" ಎಂದರು ಮೈಥಿಲಿಯಮ್ಮ. ಅವನು ಹಲಗೆಯ ಮೇಲೆ ನಡೆದು ಬರುವುದು ನನಗೂ ಕೇಳಿಸಿತು. ಟಪ್, ಟಪ್. ಅದರ ಕೆಳಗೆ ಇನ್ನೊಂದು.

"ಅಮ್ಮಾ, ಕೆಳಗೆ ಯಾರಿದಾರೆ?"

"ನಿನಗೂ ಕೇಳಿಸ್ತಾ?" ನಕ್ಕರು. "ಇವನು ಮನೆ ತುಂಬ ಕಾರ್ಪೆಟ್ ಹಾಕಿಸ್ತೀನಿ ಅಂತ ಕೂತಿದಾನೆ. ರಾತ್ರಿಯೆಲ್ಲ ನಿದ್ದೆ ಇಲ್ಲ ಪಾಪ. ನಾನು ಕಾರ್ಪೆಟ್ ಬೇಡವೇ ಬೇಡ ಅಂದ್ಬಿಟ್ಟಿದೀನಿ. ಇಡಲಾ? ಸಾರಿಗೆ ಒಗ್ಗರಣೆ ಹಾಕ್ಬೇಕು."