ಕೌದಿ ಕೈಗೆ ಲೇಸಿನ ಗಂಟು

ಜೇವರ್ಗಿಯ ಪಂಚಶೀಲಾ ಹೊಲಿದ ಕೌದಿಯ ಹೊಲಿಗೆ ಬಿಚ್ಚಿತು ಅಂತ ಹೇಳಿದವರನ್ನು ಇದುವರೆಗೆ ಯಾರೂ ಕಂಡಿಲ್ಲ. ಬಟ್ಟೆ ಹರಿದೀತು, ಅಂಚು ಸವೆದೀತು, ಹೊಲಿಗೆ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಇಜೇರಿಯ ತವರುಮನೆಯ ಕಟ್ಟೆಯ ಮೇಲೆ ಹನ್ನೊಂದನೇ ವಯಸ್ಸಿಗೆ ಸೂಜಿ ಹಿಡಿದವಳು, ಈಗ ಐವತ್ತಾರು. ಹಳೇ ಸೀರೆ, ಧೋತರದ ತುಂಡು, ಏನು ತಂದುಕೊಟ್ಟರೂ ಸರಿ, ಪದರದ ಮೇಲೆ ಪದರ ಹಾಸಿ, ಎಡಗೈಯಲ್ಲಿ ಬಟ್ಟೆ ಜಗ್ಗಿ ಹಿಡಿದು, ಬಲಗೈಯಲ್ಲಿ ದಾರ ಬಿಗಿದಳೆಂದರೆ ಮುಗಿಯಿತು. ಎಡಗೈ ಸಡಿಲ ಬಿಟ್ಟರೆ ಕೌದಿ ಸುಕ್ಕುಗಟ್ಟುತ್ತದೆ ಅನ್ನುವುದು ಅವಳ ಅವ್ವ ಕಲಿಸಿದ ಮೊದಲ ಪಾಠ. ಬೆನ್ನಿಗೆ ಗುದ್ದಿ ಕಲಿಸಿದ ಪಾಠ, ಹಾಗಾಗಿ ನಲವತ್ತೈದು ವರ್ಷವಾದರೂ ಕೈ ಅದನ್ನು ಮರೆತಿರಲಿಲ್ಲ.

ಇಂಥ ಕೈ ಲೇಸು ಹಾಕುವ ಒಂದು ಬೆರಳುದ್ದದ ಶಟಲ್ಲಿನ ಮುಂದೆ ಮೂರು ವಾರ ಮಣ್ಣು ಮುಕ್ಕಿತು.

ಇದೆಲ್ಲ ಶುರುವಾದದ್ದು ಮೊಮ್ಮಗಳಿಂದ. ಪಂಚಶೀಲಾಳ ಮಗಳು ಸಂಘಮಿತ್ರಾ ದವಾಖಾನೆಯಲ್ಲಿ ನರ್ಸು. ಅಲ್ಲೇ ಲ್ಯಾಬಿನಲ್ಲಿದ್ದ ಶಾಂತಕುಮಾರನನ್ನು ಎರಡು ವರ್ಷದ ಹಿಂದೆ ರಿಜಿಸ್ಟರ್ ಮದುವೆಯಾದಳು. ಅವನದು ಅಫಜಲಪುರ ಕಡೆಯ ಗೊಬ್ಬೂರು, ಲಿಂಗಾಯತರ ದೊಡ್ಡ ಮನೆ. ಆ ಮನೆಯ ಗೋಡೆಯ ಮೇಲೆ ಬಸವಣ್ಣ, ಈ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರು. ಮಾತುಕತೆಯನ್ನು ಆ ಎರಡು ಫೋಟೋಗಳಿಗೇ ಒಪ್ಪಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿದು ಹೋಗುತ್ತಿತ್ತು. ಫೋಟೋದ ಕೆಳಗೆ ಕೂತವರಿಗೆ ಎರಡು ವರ್ಷ ಸಾಲಲಿಲ್ಲ. ಗೊಬ್ಬೂರಿನಿಂದ ಒಬ್ಬರೂ ಇತ್ತ ತಲೆ ಹಾಕಲಿಲ್ಲ.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಶಾಂತಕುಮಾರನ ತಾಯಿ ಗುರಮ್ಮ ಒಬ್ಬಳೇ ಎರಡು ಬಸ್ಸು ಬದಲಿಸಿ ಬಂದಳು, ಐದನೇ ತಿಂಗಳಿಗೆ ಸೊಸೆ, ಮೊಮ್ಮಗಳನ್ನು ಕರೆದುಕೊಳ್ಳಲು ಮನೆಯವರು ಕಡೆಗೂ ಒಪ್ಪಿದ್ದಾರೆ ಅನ್ನುವ ಸುದ್ದಿ ಹೊತ್ತು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಒಳಗೂ ಅಲ್ಲ, ಹೊರಗೂ ಅಲ್ಲ ಅನ್ನುವ ಹಾಗೆ ಕೂತಳು. ಕೂಸನ್ನು ಎತ್ತಿಕೊಂಡಳು, ಮುದ್ದಾಡಿದಳು, ಕಣ್ಣೊರೆಸಿಕೊಂಡಳು; ಅದೆಲ್ಲ ಖರೆ. ಆಮೇಲೆ ಅವಳ ಕಣ್ಣು ಗೂಟಕ್ಕೆ ತೂಗುಹಾಕಿದ್ದ ಕುಂಚಿಗಿಯ ಮೇಲೆ ಬಿತ್ತು. ಕುಂಚಿಗಿ ಅಂದರೆ ಕೂಸಿನ ತಲೆ ಮುಚ್ಚಿ ಬೆನ್ನ ತನಕ ಇಳಿಬೀಳುವ ಹೊದಿಕೆ. ಐದನೇ ತಿಂಗಳಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು, ಕುಂಚಿಗಿ ಎರಡೂ ತವರಿನಿಂದಲೇ ಹೋಗಬೇಕು. ಪಂಚಶೀಲಾ ಹಸಿರು ಖಣದ ಬಟ್ಟೆಯಲ್ಲಿ ಹೊಲಿದಿಟ್ಟಿದ್ದಳು, ಜೀವವೆಲ್ಲ ಅದರಲ್ಲೇ ಹಾಕಿ.

ಗುರಮ್ಮ ಅಂಚು ಮುಟ್ಟಿ ನೋಡಿದಳು. "ಚಂದ ಅದರಿ. ಆದ್ರ ನಮ್ಮ ಮನ್ಯಾಗ ಕುಂಚಿಗಿಗಿ ಶಟಲ್ ಲೇಸ್ ಇರಬೇಕ್ರಿ, ಕೈಲೆ ಹಾಕಿದ್ದು. ನಮ್ಮತ್ತಿ ಕಾಲದಿಂದ ಹಂಗೇ ಬಂದದ. ಇರ್ಲಿ ಬಿಡ್ರಿ, ಒಂದು ನಾನೇ ಮಾಡಿ ಇಡ್ತೇನಿ."

ಪಂಚಶೀಲಾಳಿಗೆ ಅದು ಬೇರೆಯಾಗಿಯೇ ಕೇಳಿಸಿತು: ನಿನ್ನ ಕುಂಚಿಗಿ ನಮ್ಮ ಹೊಸ್ತಿಲ ತನಕ, ಒಳಗೆ ನಮ್ಮದು. ಹತ್ತು ಜನ ಹೆಂಗಸರ ಮುಂದೆ ಕೂಸಿನ ಮೈಮೇಲಿನದನ್ನು ಕಳಚಿ ಮೂಲೆಗೆ ಎಸೆದರೆ ಆ ಮನೆಯಲ್ಲಿ ತನ್ನ ಮಗಳು ತಲೆ ಎತ್ತಿ ಓಡಾಡುವುದು ಹೇಗೆ? ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಬುದ್ಧಿಗಿಂತ ಬಾಯಿ ಮುಂದಾಯಿತು.

"ನೀವ್ಯಾಕ್ರಿ ತ್ರಾಸ್ ತಗೋತೀರಿ? ಲೇಸ್ ಹಾಕೇ ಕಳಸ್ತೇನಿ."

"ನಿಮಗ ಬರ್ತದೇನ್ರಿ?"

"ಯಾಕ ಬರಂಗಿಲ್ರಿ? ದಾರದ ಕೆಲಸ ಅಲ್ಲೇನು!"

ಬರುತ್ತಿರಲಿಲ್ಲ. ಶಟಲ್ ಹೇಗಿರುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಗುರಮ್ಮ ಬಸ್ಸು ಹತ್ತಿದ ಮೇಲೆ ಸಂಘಮಿತ್ರಾ, "ಅವ್ವಾ, ಅಂಗಡ್ಯಾಗ ಮೀಟರ್ ಮ್ಯಾಲ ಲೇಸ್ ಸಿಗ್ತದ, ತಂದು ಹಚ್ಚಿಬಿಡು," ಅಂದದ್ದಕ್ಕೆ ಪಂಚಶೀಲಾ ಮಗಳನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಮಷಿನ್ನಿನ ಲೇಸು ಯಾವುದು, ಕೈಯದು ಯಾವುದು ಅಂತ ಆ ಹದ್ದಿನ ಕಣ್ಣಿಗೆ ತಿಳಿಯುವುದಿಲ್ಲವೇ?

ಟೇಲರ್ ಸಾಮಾನಿನ ಅಂಗಡಿಯ ಅಬ್ರಾರ ಕಲಬುರಗಿಯಿಂದ ಶಟಲ್ ತರಿಸಿಕೊಟ್ಟ. "ಮಾವಶಿ, ಇದನ್ನ ಈ ಕಡಿ ಯಾರೂ ಕೇಳಂಗಿಲ್ರಿ," ಅಂತ ಅದನ್ನು ಯಾವುದೋ ಔಷಧಿಯ ಹಾಗೆ ತಿರುಗಿಸಿ ತಿರುಗಿಸಿ ನೋಡಿ ಕೊಟ್ಟ. ಪುಟ್ಟ ದೋಣಿಯಂಥ ವಸ್ತು, ಹೊಟ್ಟೆಯೊಳಗೆ ದಾರ ಸುತ್ತಿಕೊಳ್ಳುತ್ತದೆ. ಸೂಜಿಯಿಲ್ಲ, ಬಟ್ಟೆಯಿಲ್ಲ. ಬರಿಗಾಳಿಯಲ್ಲಿ ಗಂಟು ಹಾಕಬೇಕು. ಬಟ್ಟೆಯೇ ಇಲ್ಲದ ಮೇಲೆ ಹಿಡಿಯುವುದೇನನ್ನು ಅಂತ ಪಂಚಶೀಲಾಳಿಗೆ ಅಲ್ಲೇ ಸಂಶಯ ಹುಟ್ಟಿತು.

ಮಗಳ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ವಿಡಿಯೊ ಹಚ್ಚಿಕೊಂಡು ಕೂತಳು. ಹಿಂದಿ ಮಾತಾಡುವ ಹೆಂಗಸೊಬ್ಬಳ ಬೆರಳುಗಳಷ್ಟೇ ಕಾಣುತ್ತಿದ್ದವು, ಮುಖವಿಲ್ಲ. ಎಡಗೈ ಬೆರಳುಗಳ ಸುತ್ತ ದಾರದ ಕುಣಿಕೆ, ಬಲಗೈಯ ಶಟಲ್ ಅದರ ಕೆಳಗೆ ನುಸುಳಿ ಮೇಲೆ ಬರುತ್ತದೆ, ಗಂಟು ಬೀಳುತ್ತದೆ. ಅಂಥ ಗಂಟುಗಳನ್ನು ಸಾಲಾಗಿ ಕೂಡಿಸಿ ದಾರ ಜಗ್ಗಿದರೆ ಎಲ್ಲ ಸೇರಿ ಒಂದು ಉಂಗುರ. ಉಂಗುರಕ್ಕೆ ಉಂಗುರ ಪೋಣಿಸಿದರೆ ಲೇಸು. "ಬಹುತ್ ಆಸಾನ್ ಹೈ," ಬಲು ಸುಲಭ, ಅನ್ನುತ್ತಿದ್ದಳು ಆ ಹೆಂಗಸು, ಹೆಜ್ಜೆಹೆಜ್ಜೆಗೂ.

ಪಂಚಶೀಲಾ ಹಾಕಿದ ಗಂಟುಗಳು ನೋಡಲು ಹಾಗೇ ಇದ್ದವು. ಜಗ್ಗಿದರೆ ಮಾತ್ರ ಉಂಗುರ ಕೂಡುತ್ತಿರಲಿಲ್ಲ. ಮೊದಲ ಗಂಟೇ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಇನ್ನಷ್ಟು ಜಗ್ಗಿದರೆ ದಾರ ಪಟ್ಟನೆ ಹರಿಯುತ್ತಿತ್ತು. ಬಿಚ್ಚೋಣವೆಂದರೆ ಬಿಚ್ಚುವುದೂ ಇಲ್ಲ, ಕತ್ತರಿಯೇ ಗತಿ. ಕತ್ತರಿಸಿ ಮತ್ತೆ ಹಾಕು, ಮತ್ತೆ ಸಿಕ್ಕು, ಮತ್ತೆ ಕತ್ತರಿಸು. ಮೊದಲ ವಾರ ಹೀಗೇ ಹೋಯಿತು. ಎರಡನೇ ವಾರವೂ ಹೋಯಿತು. ಕಸ ಗುಡಿಸಿದರೆ ಜೋಳದ ನುಚ್ಚು ಚೆಲ್ಲಿದ ಹಾಗೆ ನೆಲದ ತುಂಬ ಬಿಳಿ ಗಂಟುಗಳು.

"ಬಿಚ್ಚಲಾರದಂಗ ಹೊಲೀತಾಳ ಅಂತ ಊರೆಲ್ಲ ಹೊಗಳ್ತಿತ್ತಲ್ಲ, ಈಗ ಭೋಗಸು," ಅಂದ ಗಂಡ ಧರ್ಮಣ್ಣ, ಚಹಾ ಕುಡಿಯುತ್ತ.

"ನಿಮಗೇನ್ರಿ, ಕುಡದು ಕಪ್ಪ ಇಡ್ರಿ ಸಾಕು," ಅಂತ ಪಂಚಶೀಲಾ ಸಿಡಿದಳು. ಮರುಗಳಿಗೆಗೆ ಶಟಲ್ಲನ್ನು ಎಸೆದೂಬಿಟ್ಟಳು. ಅದು ಹೋಗಿ ಮಂಚದಡಿಯ ಟ್ರಂಕಿನ ಹಿಂದೆ ಕೂತಿತು. ಮಂಡಿಯೂರಿ, ಹೊಟ್ಟೆಯ ಮೇಲೆ ತೆವಳಿ, ಜೇಡರ ಬಲೆ ತಲೆಗೆ ಹತ್ತಿಸಿಕೊಂಡು ಅದನ್ನು ಹೊರತೆಗೆಯುವಾಗ ಅವಳಿಗೆ ಅಳುವೇ ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಇಷ್ಟು ವರ್ಷ ಯಾವ ದಾರವೂ ತನ್ನ ಮಾತು ಮೀರಿರಲಿಲ್ಲ.

ಮೂರನೇ ವಾರದ ಕೊನೆಗೆ ಸಂಘಮಿತ್ರಾ ಅವ್ವನಿಗೆ ಹೇಳದೆ ಅತ್ತೆಗೆ ಫೋನು ಮಾಡಿದಳು. ಮರುದಿನ ಹತ್ತಕ್ಕೆ ಗುರಮ್ಮ ಬಾಗಿಲಲ್ಲಿ ನಿಂತಿದ್ದಳು, ಚೀಲದಲ್ಲಿ ತನ್ನದೇ ಶಟಲ್ ಇಟ್ಟುಕೊಂಡು. ಪಂಚಶೀಲಾಳಿಗೆ ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನಿಸಿತು. ಮಗಳ ಕಡೆ ಬೀರಿದ ನೋಟಕ್ಕೆ ಮಗಳು ಕೂಸನ್ನು ಎತ್ತಿಕೊಂಡು ಅಡುಗೆಮನೆ ಸೇರಿದಳು.

ಗುರಮ್ಮ ಅದೇ ಪ್ಲಾಸ್ಟಿಕ್ ಕುರ್ಚಿಯನ್ನು ಅದೇ ಬಾಗಿಲ ಹತ್ತಿರ ಎಳೆದುಕೊಂಡಳು. ಪಂಚಶೀಲಾ ಒಂದು ಮಾರು ದೂರದಲ್ಲಿ ಕೌದಿಯ ಮೇಲೆ ಕೂತಳು. ಪಾಠ ಶುರುವಾಯಿತು.

"ನೋಡ್ರಿ, ಹಿಂಗ ಎಡಕ್ಕ ತಿರುವ್ರಿ."

ಪಂಚಶೀಲಾ ತಿರುವಿದಳು.

"ಆ ಎಡ ಅಲ್ರಿ. ನಿಮ್ಮ ಎಡ."

"ಇದೇ ನನ್ನ ಎಡ ಅದರಿ."

"ಹಂಗಾರ ನನ್ನ ಎಡ ನೋಡಬ್ಯಾಡ್ರಿ!"

ಎದುರುಬದುರು ಕೂತರೆ ಒಬ್ಬರ ಎಡ ಇನ್ನೊಬ್ಬರ ಬಲ. ಅಷ್ಟು ಸಣ್ಣ ಸಂಗತಿ ಇಬ್ಬರು ಅಜ್ಜಿಯರಿಗೂ ತಿಳಿಯದೆ ಇರಲಿಲ್ಲ. ಆದರೆ ಗುರಮ್ಮ ಕುರ್ಚಿ ಬಿಟ್ಟು ಏಳುವವಳಲ್ಲ, ಪಂಚಶೀಲಾ ಹತ್ತಿರ ಬನ್ನಿ ಅಂತ ಕರೆಯುವವಳಲ್ಲ. ಹೀಗೆ ಒಂದು ತಾಸು ಕಳೆಯಿತು. ಇಬ್ಬರ ಹಣೆಯಲ್ಲೂ ಬೆವರು.

"ಗಂಟು ಬಿದ್ದ ಕೂಡ್ಲೆ ಎಡಗೈ ದಾರ ಸಡ್ಲ ಬಿಡ್ರಿ. ಬಲಗೈದು ಬಿಗಿ ಮಾಡ್ರಿ. ಆವಾಗ ಗಂಟು ಈ ದಾರದಿಂದ ಆ ದಾರಕ್ಕ ಜಿಗೀತದ."

"ಬಿಟ್ಟೇನ್ರಿ."

"ಎಲ್ಲಿ ಬಿಟ್ಟೀರಿ? ಎತ್ತಿನ ಹಗ್ಗ ಹಿಡದಂಗ ಹಿಡದೀರಿ!"

"ಬಿಟ್ಟೇನಿ ಅಂದ್ರ ಬಿಟ್ಟೇನ್ರಿ! ಇದಕ್ಕಿಂತ ಬಿಟ್ರ ದಾರ ನೆಲಕ್ಕ ಬೀಳ್ತದ!"

"ಸಡ್ಲ!"

"ಅದ ಸಡ್ಲ!"

ಗುರಮ್ಮನ ಸಹನೆ ಅಲ್ಲಿಗೆ ಹರಿಯಿತು. "ಅಯ್ಯ, ಹಂಗಲ್ಲಬೇ ಹುಚ್ಚಿ!" ಅಂತ ಚೀರಿ ಎದ್ದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಬಂದವಳೇ ಪಂಚಶೀಲಾಳ ಮಗ್ಗುಲಲ್ಲಿ, ಕೌದಿಯ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಕ್ಕರಿಸಿ, ಅವಳ ಎಡಗೈಯನ್ನು ಬಾಚಿ ಹಿಡಿದು, ದಾರದ ಕುಣಿಕೆಯೊಳಗೆ ತನ್ನ ಬೆರಳನ್ನೇ ತೂರಿಸಿದಳು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ದೊಡ್ಡ ಮನೆಯವಳ ಕೈ ಮೆತ್ತಗಿರುತ್ತದೆ ಅಂತ ಪಂಚಶೀಲಾ ಅಂದುಕೊಂಡಿದ್ದಳು. ಮೆತ್ತಗಿರಲಿಲ್ಲ. ರೊಟ್ಟಿ ಬಡಿದು ಬಡಿದು ಗಡುಸಾದ, ತನ್ನದರಂಥದೇ ಕೈ.

"ಜೀವ ಇಲ್ಲದಂಗ ಬಿಡು," ಅಂದಳು ಗುರಮ್ಮ, ದನಿ ಇಳಿಸಿ. "ನಿನ್ನ ಕೈ ಅಲ್ಲ ಅದು ಅಂದ್ಕೊ. ನಾ ಹಿಡದೇನಲ್ಲ, ಬಿಡು."

ಇನ್ನೊಬ್ಬರ ಹಿಡಿತಕ್ಕೆ ತನ್ನ ಕೈ ಒಪ್ಪಿಸಿ ಗೊತ್ತಿರಲಿಲ್ಲ ಪಂಚಶೀಲಾಳಿಗೆ. ಬಿಟ್ಟಳು. ಬೆರಳು ಸೋತವು. ಗುರಮ್ಮ ಶಟಲ್ ಜಗ್ಗಿದಳು. ದಾರದ ಮೇಲೆ ಏನೋ ಚಕ್ಕನೆ ಮಗುಚಿದ್ದು ಬೆರಳ ತುದಿಗೇ ಗೊತ್ತಾಯಿತು. ಗಂಟು ಆ ಕಡೆಗೆ ಜಿಗಿದಿತ್ತು. ಹತ್ತು ಗಂಟು ಹಾಕಿಸಿ ಜಗ್ಗಿಸಿದಾಗ ಉಂಗುರ ತಕರಾರಿಲ್ಲದೆ ಕೂಡಿಕೊಂಡಿತು.

"ಇಷ್ಟೇ ಏನು?" ಅಂದಳು ಪಂಚಶೀಲಾ. ಮೂರು ವಾರದ ಸಿಟ್ಟೆಲ್ಲ ಒಮ್ಮೆಲೇ ಬಂತು. "ಇಷ್ಟಕ್ಕ ನನ್ನ ಜೀವಾ ತಗದ್ರಲ್ರಿ!"

"ನಾ ಏನ್ ಮಾಡ್ಲಿ, ನಿನ್ನ ಕೈ ಕಬ್ಬಿಣ!"

ಅವತ್ತಿನಿಂದ ದಿನಾ ಮಧ್ಯಾಹ್ನ ಗೊಬ್ಬೂರಿನಿಂದ ವಿಡಿಯೊ ಕಾಲ್. ನಮಸ್ಕಾರವಿಲ್ಲ, ಊಟವಾಯಿತೇ ಇಲ್ಲ. "ತೋರ್ಸು" ಅನ್ನುವುದೇ ಮೊದಲ ಮಾತು. ಪಂಚಶೀಲಾ ತೋರಿಸಬೇಕು, ಗುರಮ್ಮ ಕಣ್ಣು ಕಿರಿದು ಮಾಡಿ ನೋಡಬೇಕು, "ನಾಕನೇದು ಕತ್ತರ್ಸು" ಅನ್ನಬೇಕು. "ಇರ್ಲಿ ಬಿಡ್ರಿ" ಅಂತ ಇವಳು. "ಏನ್ ಇರ್ಲಿ? ಕೂಸಿನ ಮಾರಿ ಸುತ್ತ ಬರೂದದ!" ಅಂತ ಅವಳು. ಮೊಬೈಲ್ ಇಟ್ಟ ಮೇಲೆ ಪಂಚಶೀಲಾ ಒಂದು ಗಂಟೆ ಬೀಗತಿಯನ್ನು ಬೈದುಕೊಂಡೇ ನಾಲ್ಕನೆಯದನ್ನು ಕತ್ತರಿಸುತ್ತಿದ್ದಳು. ಎರಡು ಸಲ ಗುರಮ್ಮ ತಡೆಯಲಾರದೆ ಬಸ್ಸು ಹತ್ತಿ ಬಂದು ಎದುರೇ ಬೈದು ಹೋದಳು. ಕುಂಚಿಗಿಯ ಮುಂದಿನ ಅಂಚಿಗೆ ಸಾಲುವಷ್ಟು ಲೇಸು ಅಂತೂ ಆಯಿತು. ಕೆಲವು ಉಂಗುರ ಜೋಳದ ಕಾಳಿನಷ್ಟು, ಕೆಲವು ಕಡಲೆಯಷ್ಟು. ಆದರೆ ಕೈಯ ಲೇಸು ಅನ್ನುವುದಕ್ಕೆ ಯಾರೂ ಬಾಂಡ್ ಪೇಪರ್ ಕೇಳುವಂತಿರಲಿಲ್ಲ.

ಐದನೇ ತಿಂಗಳ ಒಂದು ಗುರುವಾರ ತೊಟ್ಟಿಲು ಹೇರಿಕೊಂಡು ಜೀಪು ಗೊಬ್ಬೂರಿಗೆ ಹೋಯಿತು. ದೊಡ್ಡ ಬಾಗಿಲ ಮುಂದೆ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಸಂಘಮಿತ್ರಾಳ ಕಂಕುಳಲ್ಲಿ ಕೂಸು, ಕೂಸಿನ ತಲೆಯ ಮೇಲೆ ಹಸಿರು ಕುಂಚಿಗಿ. ಪಂಚಶೀಲಾ ಅಂಗಳದಲ್ಲೇ ನಿಂತಳು.

ಮನೆಯ ಹಿರಿಯಾಕಿ, ಗುರಮ್ಮನ ನಾದಿನಿ, ಮುಂದೆ ಬಂದು ಕುಂಚಿಗಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿದಳು. "ಲೇಸ್ ಒಂದು ನಮೂನಿ ಇಲ್ಲಲ್ಲ. ಗುರಮ್ಮ, ನೀ ಮಾಡಿದ್ದು ತಾ. ಇದನ್ನ ತಗದು ಅದನ್ನ ಹಾಕಿ ಒಳಗ ಕರಕೊಳ್ಳೂಣು."

ಪಂಚಶೀಲಾ ಹೆದರಿದ್ದು ಇದಕ್ಕೇ, ಈ ಮಾತಿಗೇ.

"ನಾ ಎಲ್ಲಿ ಮಾಡೇನಿ?" ಅಂದಳು ಗುರಮ್ಮ. "ಈಕಿಗಿ ಬೈಯೂದ್ರಾಗ ನನ್ನ ಹೊತ್ತೆಲ್ಲ ಹೋತು. ಇದೇ ನಮ್ಮ ಮನಿ ಲೇಸ್. ನಮ್ಮ ಬೀಗತಿ ಹಾಕ್ಯಾಳ. ಕೈ ತಗಿ ಅಕ್ಕಾ, ಹೊಲಸಾಗ್ತದ."

ನಾದಿನಿ ಕೈ ತೆಗೆದಳು. ಆರತಿ ಆಯಿತು. ಕೂಸು ಹಸಿರು ಕುಂಚಿಗಿಯಲ್ಲೇ ಒಳಗೆ ಹೋಯಿತು, ಹಿಂದೆ ಸಂಘಮಿತ್ರಾ, ಅವಳ ಹಿಂದೆ ಎಲ್ಲ ಹೆಂಗಸರು. ಅಂಗಳದಲ್ಲಿ ಪಂಚಶೀಲಾ ಒಬ್ಬಳೇ ಉಳಿದಳು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

"ಅಲ್ಲೇ ಯಾಕ ನಿಂತೀದಿ?" ಗುರಮ್ಮ ನಡುಮನೆಯಿಂದಲೇ ಒದರಿದಳು. "ಕೂಸನ್ನ ತೊಟ್ಟಿಲಾಗ ಯಾರ್ ಹಾಕಬೇಕು? ಬಾಬೇ ಒಳಗ!"

ತಿಂಗಳಿಂದ ಅವಳ ಒಂದೊಂದು ಮಾತಿಗೂ ಎದುರುತ್ತರ ಕೊಟ್ಟಿದ್ದ ಪಂಚಶೀಲಾ ಈ ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಪ್ಪಲಿ ಬಿಟ್ಟು ಒಳಗೆ ಹೋದಳು.