ಕಣದ ಮೇಲೆ ಹಾಸಿದ ಹುಲ್ಲು

ಲಕ್ವ ಹೊಡೆದು ಅಪ್ಪನ ಎಡಗಾಲು ಸೋತಾಗಿನಿಂದ, ಅವರು ದಿನಕ್ಕೆ ಎಷ್ಟು ಹೆಜ್ಜೆ ನಡೆದರೆಂದು ಬರೆದಿಡುತ್ತಿದ್ದೆ. ನಲವತ್ತರವರೆಗೆ ಹೋಗಿತ್ತು. ಸಿಮೆಂಟಿನ ಅಂಗಳದಲ್ಲಿ ಎರಡು ಸಲ ಬಿದ್ದ ಮೇಲೆ ಹನ್ನೊಂದಕ್ಕೆ ಇಳಿಯಿತು. ಮತ್ತೆ ಬಿದ್ದರೆ ಎಂಬ ಭಯ. ಅದಕ್ಕೇ ಚಂದಾಪುರದ ನಮ್ಮ ಮನೆಯ ಹಿತ್ತಿಲಿಗೆ ಹುಲ್ಲು ಹಾಸಿಸಲು ಹೊರಟೆ.

ಆ ಹಿತ್ತಿಲು ಹಿಂದೆ ನಾವು ರಾಗಿ ಒಕ್ಕುತ್ತಿದ್ದ ಕಣ. ಹೊಲವೆಲ್ಲ ಲೇಔಟ್ ಆದ ಮೇಲೆ ಉಳಿದದ್ದು ಅದೊಂದೇ.

ಎರಡು ಭಾನುವಾರ ಅಗೆದೆ. ಏಳು ಬುಟ್ಟಿ ಕಲ್ಲು ಆಯ್ದೆ, ಗೊಬ್ಬರ ಬೆರೆಸಿದೆ. ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅಪ್ಪ, "ಅಂಗೇ ಬಿಟ್ರೆ ಹಳ್ಳ ಬೀಳ್ತದೆ. ಗುಂಡು ಒಡಿ" ಎಂದರು. ಮೂಲೆಯಲ್ಲಿ ಬಿದ್ದಿದ್ದ, ರಾಗಿ ಒಕ್ಕುವ ಕಲ್ಲಿನ ಗುಂಡನ್ನು ನಾನೂ ಅಮ್ಮನೂ ನೀರು ಚಿಮುಕಿಸುತ್ತ ಹದಿನೇಳು ಸುತ್ತು ಉರುಳಿಸಿದೆವು. ಮೇಲೆ ಸಗಣಿ ಸಾರಿಸಿದ್ದೂ ಅವರ ಮಾತಿನಂತೆಯೇ.

ಹುಲ್ಲು ತಂದ ನರ್ಸರಿಯವನು ನೆಲವನ್ನು ಹಿಮ್ಮಡಿಯಿಂದ ಗುದ್ದಿ ನೋಡಿದ.

"ಯಜಮಾನ್ರೇ, ಇದೇನ್ ರೋಡ್ ಹಾಕ್ಸಿದೀರಾ? ಬೇರು ಎಲ್ಲಿಗೆ ಇಳೀಬೇಕು?"

"ನೆಲ ಅದ ಮಾಡೋದ ನಂಗೇ ಏಳ್ಕೊಡ್ತೀಯಾ? ಈ ಕಣದಾಗೆ ಒಂದ್ ಕಾಳೂ ಮಣ್ಪಾಲಾಗಿಲ್ಲ ಕಣಯ್ಯ!"

ಅಪ್ಪನ ಅಷ್ಟು ಗಟ್ಟಿ ದನಿಯನ್ನು ಕೇಳಿ ತಿಂಗಳುಗಳಾಗಿದ್ದವು. ಅದನ್ನು ಮುರಿಯಲು ನನಗೆ ಮನಸ್ಸಾಗಲಿಲ್ಲ. "ಹಾಕ್ಬಿಡಿ ಅಣ್ಣ" ಎಂದೆ. ತೊಂಬತ್ತಾರು ತುಂಡು ಹುಲ್ಲು ಹಾಸಿದ.

ಹತ್ತನೆಯ ದಿನಕ್ಕೆ ಹುಲ್ಲು ಹಳದಿಯಾಯಿತು. ಒಂದು ತುಂಡಿನ ಅಂಚು ಎತ್ತಿದರೆ ಚಾಪೆಯಂತೆ ಎದ್ದು ಬಂತು. ಒಳಗೆ ಇಳಿಯಲಾಗದ ಬಿಳಿ ಬೇರುಗಳು ಅಡ್ಡಕ್ಕೆ ಹರಡಿದ್ದವು. ಅಪ್ಪನಿಗೆ ತೋರಿಸಿದೆ. ಬೇರುಗಳ ಮೇಲೆ ಬೆರಳಾಡಿಸಿದರು.

"ಕಾಳು ಒಳೀಕೆ ಓಗ್ಬಾರ್ದು ಅಂತ ಮಾಡೋ ನೆಲ ಅದು" ಎಂದರು. "ಅಗಿ ಮಗ."

ಹುಲ್ಲು ಎತ್ತಿ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟು, ಹಾರೆ ಹಾಕಿ ಇಡೀ ಕಣವನ್ನು ಒಡೆದೆ. ಅಪ್ಪ ಒಳಗೆ ಹೋಗಲಿಲ್ಲ. ಕಾಲ ಬಳಿ ಬಂದ ಹೆಂಟೆಗಳನ್ನು ಊರುಗೋಲಿನಿಂದ ಕುಟ್ಟಿ ಪುಡಿ ಮಾಡುತ್ತಿದ್ದರು. ಮತ್ತೆ ಹಾಸಿದ ಮೇಲೆ ಅರವತ್ತೊಂದು ತುಂಡು ಬದುಕಿದವು. ಉಳಿದವನ್ನು ಹೊಸದಾಗಿ ತರಿಸಿದೆ.

ಮೂರು ವಾರ ಯಾರೂ ತುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಪ್ಪ ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಹುಲ್ಲನ್ನು ತಳ್ಳಿ ನೋಡಿದರು. ಕದಲಲಿಲ್ಲ.

"ಇಡ್ಕಂಡದೆ."

ಹದಿನಾಲ್ಕು ಹೆಜ್ಜೆ ನಡೆದು ನಡುಮಧ್ಯಕ್ಕೆ ಬಂದರು. ಒಕ್ಕಣೆಯಲ್ಲಿ ದನಗಳು ಸುತ್ತುತ್ತಿದ್ದ ಮೇಟಿ ಕಂಬ ಅಲ್ಲೇ ಇತ್ತು. ಈಗಿಲ್ಲದ ಕಂಬಕ್ಕೆ ಕೈ ಚಾಚಿದರು. ಪಕ್ಕದಲ್ಲಿದ್ದ ನನ್ನ ಭುಜ ಸಿಕ್ಕಿತು. ಸ್ವಲ್ಪ ಹೊತ್ತು ಹಿಡಿದು ನಿಂತು, ಬಿಟ್ಟರು.

ವಾಪಸು ಹದಿನಾಲ್ಕು.