ಮಾಣಿಕಮ್ಮನ ಗುಳಗಿ ಮತ್ತು ಕ್ಯಾಪ್ಸೂಲ್

ಹುಮನಾಬಾದಿನಲ್ಲಿ ಸಂಬಂಧ ಕೂಡಿಸುವುದೆಂದರೆ ಮಾಣಿಕಮ್ಮನದು ಎತ್ತಿದ ಕೈ. ವರನ ನೌಕರಿಯಿಂದ ಹೊರಟ ಮಾತು ಹುಲಸೂರಿನ ಬಸ್ಸು, ನಿರ್ಣಾದ ತೊಗರಿ, ಯಾರದೋ ಮಂಡಿನೋವು ಎಲ್ಲ ಸುತ್ತಿ ಬರುವಷ್ಟರಲ್ಲಿ ಎದುರಿನವರು ದಣಿದು ಒಪ್ಪಿಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಬೇಳೆ ಸೀಯುತ್ತಿತ್ತು. ಒಮ್ಮೆ ಗ್ಯಾಸ್ ಹಚ್ಚಿಟ್ಟು ಮಾಣಿಕನಗರಕ್ಕೆ ಹೋಗಿಬಿಟ್ಟಳು. ಆಗ ಗಂಡ ಮಹಾರುದ್ರಪ್ಪ ಆಕೆಯನ್ನು ಮನೋವೈದ್ಯರ ಹತ್ತಿರ ಕರೆದೊಯ್ದ. ಸಣ್ಣಂದಿನಿಂದಲೂ ಚಿತ್ತ ಒಂದು ಕಡೆ ನಿಲ್ಲದ ತೊಂದರೆ ಇದು ಎಂದು ಅವರು ಗುಳಗಿ ಬರೆದುಕೊಟ್ಟರು.

ಗುಳಗಿ ನುಂಗಿದ ಮುಂಜಾನೆ ಮಾಣಿಕಮ್ಮ ಹಿಡಿದ ಮಾತು, ಹಿಡಿದ ಕೆಲಸ ಬಿಡದ ಬೇರೆಯೇ ಹೆಂಗಸು. ಊಟದ ಹೊತ್ತಿಗೆ ಗುಳಗಿಯ ಪ್ರಭಾವ ಇಳಿದು ಹಳೇ ಮಾಣಿಕಮ್ಮ ವಾಪಸ್. ಮಹಾರುದ್ರಪ್ಪ ಕೆಲಸದ ಮಾತೆಲ್ಲ ಮುಂಜಾನೆಯೇ ಮುಗಿಸುವುದನ್ನು ಕಲಿತ. ಎದೆ ಬಡಕೊಳ್ಳುತ್ತದೆ ಎಂದು ಆಕೆ ದೂರಿದಾಗ ಡಾಕ್ಟರು ಚಹಾ ಕಡಿಮೆ ಮಾಡಲು ಹೇಳಿದರು; ಗುಳಗಿಯ ಹಾಗೆ ಅದೂ ಮಿದುಳನ್ನು ಎಬ್ಬಿಸುವ ಪೈಕಿಯದೇ ಅಂತೆ.

"ಚಾ ಬಿಟ್ಟು ಬೀಗತನದ ಮಾತು ಹ್ಯಾಂಗ ಆಡ್ಲಿ, ಡಾಕ್ಟರ್ ಸಾಹೇಬ್ರ?"

ಡಾಕ್ಟರು ನಕ್ಕು, ಗುಳಗಿ ಬದಲಿಸಿ ಕ್ಯಾಪ್ಸೂಲ್ ಕೊಟ್ಟರು. "ಔಷಧ ಅದೇ ಅದರಿ. ಇದು ಸಾವಕಾಶ ಬಿಡ್ತದ, ಸಂಜಿ ತನಕ ಇರ್ತದ. ಹಸಿವಿ ಕಡಿಮಿ ಆಗಬಹುದು."

"ಅಂದ್ರ ಗುಳಗಿ ಅರ್ಧ ದಾರ್ಯಾಗ ಇಳಸೋ ಟಂಟಂ ಆಟೋ, ಇದು ಬಸವಕಲ್ಯಾಣ ಮುಟ್ಟಸೋ ಬಸ್ಸು," ಎಂದು ಮಾಣಿಕಮ್ಮ ತೀರ್ಪು ಕೊಟ್ಟಳು.

ಆಕೆಗೆ ಬೇಕಾದದ್ದೂ ಅದೇ. ಮಗಳು ಪೂನಂಳ ಸಂಬಂಧ ಗಟ್ಟಿ ಮಾಡಲು ಬಸವಕಲ್ಯಾಣದವರು ಬರುವುದು ಮಧ್ಯಾಹ್ನಕ್ಕೆ. ಊರವರ ಮಕ್ಕಳದೆಲ್ಲ ಕೂಡಿಸಿ, ಬಾಯಿ ಸಡಿಲ ಬಿಟ್ಟು ತನ್ನ ಮಗಳದನ್ನೇ ಕೆಡಿಸಿಕೊಂಡೇನೆಂಬ ಭಯ ಆಕೆಯನ್ನು ತಿನ್ನುತ್ತಿತ್ತು.

ಆ ದಿನ ಕ್ಯಾಪ್ಸೂಲ್ ನುಂಗಿದ ಮಾಣಿಕಮ್ಮ ಬಂದವರಿಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಮಹಾರುದ್ರಪ್ಪ ಹೆಮ್ಮೆಯಿಂದ ಮೀಸೆ ತಿರುವಿಕೊಂಡ. ಎಲ್ಲರೂ ಹೋಳಿಗೆ ಊಟಕ್ಕೆ ಕೂತಾಗ ಅಡಿಗೆಮನೆಯಲ್ಲಿ ಪೂನಂ ಬಾಯಿಬಿಟ್ಟಳು.

"ಅವ್ವಾ, ಹುಡುಗ ಛಲೋ ಇರಬಹುದು. ನನಗ ಈಗ ಲಗ್ನ ಬ್ಯಾಡ. ಬಿ.ಎಡ್. ಮುಗಸ್ತೀನಿ."

ಮಾಣಿಕಮ್ಮ ತುಪ್ಪದ ಬಟ್ಟಲು ಕೆಳಗಿಟ್ಟಳು. "ಮೊದಲ ಯಾಕ ಹೇಳಲಿಲ್ಲ?"

"ದೀಪಾವಳಿಗಿ ಹೇಳೀನಿ, ಸಂಕ್ರಾಂತಿಗಿ ಹೇಳೀನಿ. ನೀ ಪೂರಾ ಕೇಳಿದ್ದು ಇವತ್ತ."

ಮಾಣಿಕಮ್ಮನಿಗೆ ನಾಚಿಕೆಯಾಯಿತು. ಹೊರಗೆ ಬಂದು, ಬಂದವರಿಗೆ ಇನ್ನೊಂದು ಸುತ್ತು ಹೋಳಿಗೆ ಬಡಿಸಿ ಕೈಮುಗಿದಳು.

"ತಪ್ಪ ತಿಳ್ಕೊಬ್ಯಾಡ್ರಿ. ನಮ್ಮ ಹುಡುಗಿಗಿ ಮನಸಿಲ್ಲ. ನಾನೇ ಕೇಳಿರಲಿಲ್ಲ."

ಮಹಾರುದ್ರಪ್ಪನ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ಹೇಳಿ ಮುಂದೆ ಒಂದು ಮಾತೂ ಸೇರಿಸದೆ ನಿಂತ ಹೆಂಡತಿಯನ್ನು ಅವನು ಮೊದಲ ಸಲ ನೋಡುತ್ತಿದ್ದ.